ಚದುರಂಗದಲ್ಲಿ ಸಮಯ ನಿರ್ವಹಣೆ

ಚದುರಂಗದಲ್ಲಿ ಸಮಯ ನಿರ್ವಹಣೆ ಎಂದರೆ ಗಡಿಯಾರ ಇಟ್ಟು ಆಡುವ ಆಟದಲ್ಲಿ ಆಟಗಾರರು ತಮಗೆ ದೊರೆತ ಒಟ್ಟು ಅವಧಿಯನ್ನು ವಿವಿಧ ನಡೆಗಳಿಗೆ ಹಂಚಿಕೊಳ್ಳುವ ಕ್ರಮ. ಸ್ಪರ್ಧಾತ್ಮಕ ಚದುರಂಗದಲ್ಲಿ ಚೆಕ್‌ಮೇಟ್ ಆದವರು ಸೋಲುವಂತೆಯೇ ಸಮಯ ಮುಗಿದವರೂ ಸೋಲುತ್ತಾರೆ. ಆದ್ದರಿಂದ ರಾಣಿ, ಆನೆ, ಒಂಟೆ, ಕುದುರೆಗಳಂತೆ ಗಡಿಯಾರದಲ್ಲಿ ಉಳಿದ ನಿಮಿಷಗಳೂ ಆಟಗಾರರ ಬಲದ ಒಂದು ಭಾಗವೆನಿಸುತ್ತವೆ.

ಹೊಸದಾಗಿ ಸ್ಪರ್ಧೆಗೆ ಇಳಿಯುವವರಲ್ಲಿ ಸಮಯಕ್ಕೆ ಸಂಬಂಧಿಸಿದ ಎರಡು ವಿರುದ್ಧ ದೋಷಗಳು ಕಂಡುಬರುತ್ತವೆ. ಕೆಲವರು ಗೆಲ್ಲುವ ಸ್ಥಿತಿ ತಲುಪಿಯೂ ಸಮಯ ಮುಗಿದು ಸೋಲುತ್ತಾರೆ. ಇನ್ನು ಕೆಲವರು ಅವಸರದಲ್ಲಿ ಆಡಿ, ಗಡಿಯಾರದಲ್ಲಿ ಬಹಳಷ್ಟು ಸಮಯ ಉಳಿದಿರುವಾಗಲೇ ಕಾಯಿಗಳನ್ನು ಕಳೆದುಕೊಂಡು ಸೋಲುತ್ತಾರೆ. ಸಮಯ ನಿರ್ವಹಣೆಯ ಉದ್ದೇಶ ವೇಗವಾಗಿ ಆಡುವುದಲ್ಲ. ಯಾವ ನಡೆಗೆ ಯೋಚನೆ ಅಗತ್ಯವೋ ಆ ನಡೆಗೆ ಸಮಯ ಉಳಿದಿರುವಂತೆ ನೋಡಿಕೊಳ್ಳುವುದು.

ಹಿನ್ನೆಲೆ

ಭಾರತದಲ್ಲಿ ಸಾಂಪ್ರದಾಯಿಕವಾಗಿ ಮನೆ, ಜಗಲಿ ಹಾಗೂ ಅರಮನೆಗಳಲ್ಲಿ ಆಡುತ್ತಿದ್ದ ಚದುರಂಗಕ್ಕೆ ಕಾಲಮಿತಿ ಇರಲಿಲ್ಲ. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ್ ಕುದುರೆಯ ನಡೆಯನ್ನು ಆಧರಿಸಿದ ಸಮಸ್ಯೆಗಳನ್ನು ರಚಿಸಿದವರೆಂದು ಪ್ರಸಿದ್ಧರು. ಅಂತಹ ಆಟದಲ್ಲಿ ಬಿಡುವಾದ ಚಿಂತನೆಯೇ ಮುಖ್ಯವಾಗಿತ್ತು.

ಯುರೋಪಿನಲ್ಲಿಯೂ ಆರಂಭದಲ್ಲಿ ಕಾಲಮಿತಿ ಇರಲಿಲ್ಲ. 1851ರ ಲಂಡನ್ ಪಂದ್ಯಾವಳಿಯಲ್ಲಿ ಕೆಲವು ಆಟಗಾರರು ಒಂದೊಂದು ನಡೆಗೂ ಬಹಳ ಹೊತ್ತು ತೆಗೆದುಕೊಂಡರೆಂಬ ದೂರುಗಳು ಕೇಳಿಬಂದವು. 1861ರಲ್ಲಿ ಆಂಡರ್ಸನ್ ಮತ್ತು ಕೋಲಿಷ್ ನಡುವಿನ ಪಂದ್ಯದಲ್ಲಿ ಮರಳು ಗಡಿಯಾರಗಳನ್ನು ಬಳಸಲಾಯಿತು. ಎರಡು ಗಡಿಯಾರಗಳನ್ನು ಜೋಡಿಸಿ, ಒಂದು ನಡೆಯುವಾಗ ಇನ್ನೊಂದು ನಿಲ್ಲುವಂತೆ ರೂಪಿಸಿದ ಚದುರಂಗದ ಗಡಿಯಾರವು 1883ರ ಲಂಡನ್ ಪಂದ್ಯಾವಳಿಯಲ್ಲಿ ಬಳಕೆಗೆ ಬಂತು. ಮ್ಯಾಂಚೆಸ್ಟರಿನ ಥಾಮಸ್ ಬ್ರೈಟ್ ವಿಲ್ಸನ್ ಅದನ್ನು ರೂಪಿಸಿದರು. ಮುಂದೆ ಮುಳ್ಳಿನ ಗಡಿಯಾರಗಳಿಗೆ ಸಣ್ಣ ಧ್ವಜವೊಂದನ್ನು ಅಳವಡಿಸಲಾಯಿತು. ನಿಮಿಷದ ಮುಳ್ಳು ಹನ್ನೆರಡನ್ನು ಸಮೀಪಿಸಿದಂತೆ ಧ್ವಜ ಮೇಲೇರಿ, ಅವಧಿ ಮುಗಿದ ಕ್ಷಣದಲ್ಲಿ ಕೆಳಗೆ ಬೀಳುತ್ತಿತ್ತು. ಡಿಜಿಟಲ್ ಗಡಿಯಾರಗಳು ಬಂದ ಮೇಲೂ ಸಮಯ ಮುಗಿಯುವುದನ್ನು ‘ಫ್ಲ್ಯಾಗ್ ಬಿದ್ದಿತು’ ಎಂದೇ ಹೇಳುವ ರೂಢಿ ಉಳಿದಿದೆ.

ಅಮೆರಿಕದ ಬಾಬಿ ಫಿಶರ್ ಪ್ರತಿ ನಡೆಗೂ ಕೆಲವು ಸೆಕೆಂಡುಗಳನ್ನು ಸೇರಿಸುವ ಗಡಿಯಾರಕ್ಕೆ 1988ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿ, 1989ರಲ್ಲಿ ಪೇಟೆಂಟ್ ಪಡೆದರು. 1992ರಲ್ಲಿ ಸ್ಪಾಸ್ಕಿಯವರೊಡನೆ ಅವರು ಆಡಿದ ಪಂದ್ಯದಲ್ಲಿ ಈ ಬಗೆಯ ಗಡಿಯಾರ ಬಳಕೆಯಾಯಿತು. ಹೀಗೆ ಸೇರುವ ಸೆಕೆಂಡುಗಳನ್ನು ಇನ್‌ಕ್ರಿಮೆಂಟ್ ಎಂದು ಕರೆಯಲಾಗುತ್ತದೆ.

ಸಮಯ ಮಿತಿಯ ವಿಧಗಳು

ಸಮಯ ಮಿತಿಯನ್ನು ಸಾಮಾನ್ಯವಾಗಿ ‘25+10’ ಎಂಬ ಮಾದರಿಯಲ್ಲಿ ಬರೆಯಲಾಗುತ್ತದೆ. ಮೊದಲ ಸಂಖ್ಯೆ ಪ್ರತಿ ಆಟಗಾರರಿಗೆ ದೊರೆಯುವ ನಿಮಿಷಗಳನ್ನೂ ಎರಡನೆಯದು ಪ್ರತಿ ನಡೆಗೆ ಸೇರುವ ಸೆಕೆಂಡುಗಳನ್ನೂ ಸೂಚಿಸುತ್ತದೆ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ, ಆಟವು 60 ನಡೆಗಳವರೆಗೆ ಸಾಗುವುದೆಂದು ಭಾವಿಸಿ ಒಟ್ಟು ಸಮಯವನ್ನು ಲೆಕ್ಕ ಹಾಕುತ್ತದೆ. 60 ನಡೆಗಳಿಗೆ ಪ್ರತಿ ನಡೆಗೆ ಒಂದು ಸೆಕೆಂಡ್ ಎಂದರೆ ಒಂದು ನಿಮಿಷವಾಗುವುದರಿಂದ, ಎರಡೂ ಸಂಖ್ಯೆಗಳನ್ನು ಕೂಡಿದರೆ ಒಟ್ಟು ನಿಮಿಷಗಳು ದೊರೆಯುತ್ತವೆ.

- ಕ್ಲಾಸಿಕಲ್: ಒಟ್ಟು 60 ನಿಮಿಷ ಅಥವಾ ಅದಕ್ಕಿಂತ ಹೆಚ್ಚು. ಉದಾಹರಣೆ: 90+30.
- ರ‍್ಯಾಪಿಡ್: 10 ನಿಮಿಷಕ್ಕಿಂತ ಹೆಚ್ಚು, 60 ನಿಮಿಷಕ್ಕಿಂತ ಕಡಿಮೆ. ಉದಾಹರಣೆ: 15+10, 25+10.
- ಬ್ಲಿಟ್ಜ್: 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ. ಉದಾಹರಣೆ: 3+2, 5+3.

ಅಂತರ್ಜಾಲದ ಕೆಲವು ಜನಪ್ರಿಯ ತಾಣಗಳು 10 ನಿಮಿಷದ ಆಟವನ್ನು ರ‍್ಯಾಪಿಡ್ ಎಂದು ವರ್ಗೀಕರಿಸುತ್ತವೆ. ಫಿಡೆಯ ಎಣಿಕೆಯಲ್ಲಿ ಅದು ಬ್ಲಿಟ್ಜ್. ಮೊಬೈಲಿನಲ್ಲಿ ಕೇವಲ 10 ನಿಮಿಷದ ಆಟಗಳನ್ನು ಆಡಿ ಬಂದವರಿಗೆ 25+10 ಅಥವಾ 90+30 ಮಿತಿಯ ಸ್ಪರ್ಧೆಯಲ್ಲಿ ದೊರೆಯುವ ಸಮಯವನ್ನು ಹೇಗೆ ಬಳಸಬೇಕೆಂದು ತಿಳಿಯದಿರುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ಗಡಿಯಾರಕ್ಕೆ ಸಂಬಂಧಿಸಿದ ನಿಯಮಗಳು

ಗಡಿಯಾರದ ಬಳಕೆಯನ್ನು ಫಿಡೆಯ ಚದುರಂಗ ನಿಯಮಾವಳಿಯ ಆರನೆಯ ವಿಧಿ ವಿವರಿಸುತ್ತದೆ. ಆರಂಭಿಕರು ಮೊದಲ ಸ್ಪರ್ಧೆಗೆ ಮುನ್ನ ತಿಳಿದಿರಬೇಕಾದ ನಿಯಮಗಳು ಇವು:

- ಆಟದ ಆರಂಭದಲ್ಲಿ ಬಿಳಿ ಕಾಯಿಯವರ ಗಡಿಯಾರವನ್ನು ಚಾಲೂ ಮಾಡಲಾಗುತ್ತದೆ. ಆಮೇಲೆ ಪ್ರತಿಯೊಬ್ಬರೂ ನಡೆಯನ್ನು ಹಲಗೆಯ ಮೇಲೆ ಪೂರ್ಣಗೊಳಿಸಿ ಗಡಿಯಾರವನ್ನು ಒತ್ತಬೇಕು.
- ಯಾವ ಕೈಯಿಂದ ಕಾಯಿಯನ್ನು ನಡೆಸಲಾಯಿತೋ ಅದೇ ಕೈಯಿಂದ ಗಡಿಯಾರ ಒತ್ತಬೇಕು. ಗುಂಡಿಯ ಮೇಲೆ ಬೆರಳಿಟ್ಟುಕೊಂಡಿರುವುದು, ಗಡಿಯಾರವನ್ನು ಬಡಿಯುವುದು, ಎತ್ತುವುದು ನಿಷಿದ್ಧ.
- ಕ್ಯಾಸಲಿಂಗ್, ಕಾಯಿ ಹೊಡೆಯುವುದು ಮುಂತಾದ ನಡೆಗಳನ್ನು ಒಂದೇ ಕೈಯಿಂದ ಮಾಡಬೇಕು. ಎರಡೂ ಕೈ ಬಳಸಿ ಗಡಿಯಾರ ಒತ್ತಿದರೆ ಅದನ್ನು ನಿಯಮಬಾಹಿರ ನಡೆಯಂತೆ ಪರಿಗಣಿಸಲಾಗುತ್ತದೆ. ನಡೆಯನ್ನೇ ಮಾಡದೆ ಗಡಿಯಾರ ಒತ್ತಿದರೂ ಹಾಗೆಯೇ.
- ಮೊದಲ ನಿಯಮಬಾಹಿರ ನಡೆಗೆ ಕ್ಲಾಸಿಕಲ್ ಮತ್ತು ರ‍್ಯಾಪಿಡ್ ಆಟಗಳಲ್ಲಿ ಎದುರಾಳಿಗೆ ಎರಡು ನಿಮಿಷ, ಬ್ಲಿಟ್ಜ್‌ನಲ್ಲಿ ಒಂದು ನಿಮಿಷ ಹೆಚ್ಚುವರಿಯಾಗಿ ದೊರೆಯುತ್ತದೆ. ಎರಡನೆಯ ಬಾರಿ ತಪ್ಪಿದವರು ಸಾಮಾನ್ಯವಾಗಿ ಆಟವನ್ನು ಕಳೆದುಕೊಳ್ಳುತ್ತಾರೆ.
- ಕೈ ತಗುಲಿ ಕಾಯಿಗಳು ಉರುಳಿದರೆ ಉರುಳಿಸಿದವರು ತಮ್ಮ ಸಮಯದಲ್ಲಿಯೇ ಅವನ್ನು ಸರಿಪಡಿಸಬೇಕು.
- ಪದಾತಿಗೆ ಬಡ್ತಿ ನೀಡುವಾಗ ಬೇಕಾದ ಕಾಯಿ ಕೈಗೆ ಸಿಗದಿದ್ದರೆ ಗಡಿಯಾರವನ್ನು ನಿಲ್ಲಿಸಿ ತೀರ್ಪುಗಾರರನ್ನು ಕರೆಯಬಹುದು. ರಾಣಿಯ ಬದಲು ಆನೆಯನ್ನು ತಲೆಕೆಳಗಾಗಿ ಇಟ್ಟರೆ ಅದು ಆನೆಯೆಂದೇ ಪರಿಗಣಿತವಾಗುತ್ತದೆ.
- ಡ್ರಾ ಪ್ರಸ್ತಾಪವನ್ನು ನಡೆ ಮಾಡಿದ ನಂತರ, ಗಡಿಯಾರ ಒತ್ತುವ ಮೊದಲು ಮುಂದಿಡಬೇಕು.
- ನಿಯಮಬದ್ಧ ನಡೆಯಿಂದ ಚೆಕ್‌ಮೇಟ್ ಆದೊಡನೆ ಆಟ ಮುಗಿಯುತ್ತದೆ. ಆಮೇಲೆ ಗಡಿಯಾರ ಒತ್ತದಿದ್ದರೂ ಫಲಿತಾಂಶ ಬದಲಾಗುವುದಿಲ್ಲ.

ಸಮಯ ಮುಗಿದವರು ಸೋಲುತ್ತಾರೆಂಬ ನಿಯಮಕ್ಕೆ ಒಂದು ಅಪವಾದವಿದೆ. ಯಾವುದೇ ನಿಯಮಬದ್ಧ ನಡೆಗಳ ಸರಣಿಯಿಂದಲೂ ಎದುರಾಳಿಯು ಚೆಕ್‌ಮೇಟ್ ಮಾಡಲು ಸಾಧ್ಯವಿಲ್ಲದಿದ್ದರೆ, ಉದಾಹರಣೆಗೆ ಎದುರಾಳಿಯ ಬಳಿ ರಾಜನೊಬ್ಬನೇ ಉಳಿದಿದ್ದರೆ, ಆಟ ಡ್ರಾ ಆಗುತ್ತದೆ. ಎದುರಾಳಿಯ ಬಳಿ ಒಂದೇ ಒಂದು ಪದಾತಿ ಉಳಿದಿದ್ದರೂ ಸಾಮಾನ್ಯವಾಗಿ ಈ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ರಾಣಿಯ ಮೇಲುಗೈ ಇದ್ದವರು ಕೂಡ ಸಮಯ ಮುಗಿದು ಆಟ ಕಳೆದುಕೊಳ್ಳುವುದುಂಟು.

ಆರಂಭಿಕರಲ್ಲಿ ಕಂಡುಬರುವ ದೋಷಗಳು

ಗಡಿಯಾರ ಒತ್ತಲು ಮರೆಯುವುದು: ಮೊಬೈಲ್ ಅಥವಾ ಗಣಕಯಂತ್ರದಲ್ಲಿ ನಡೆ ಮುಗಿದೊಡನೆ ಗಡಿಯಾರ ತಾನಾಗಿಯೇ ಬದಲಾಗುತ್ತದೆ. ಹಲಗೆಯ ಮೇಲೆ ಅದನ್ನು ಕೈಯಿಂದ ಒತ್ತಬೇಕು. ಮರೆತಾಗ ಎದುರಾಳಿ ಯೋಚಿಸುತ್ತಿರುವಂತೆ ಕಂಡರೂ ಖರ್ಚಾಗುತ್ತಿರುವುದು ಮರೆತವರ ಸಮಯ. ಇದನ್ನು ತಿಳಿಸಬೇಕಾದ ಹೊಣೆ ಎದುರಾಳಿಗೆ ಇಲ್ಲ.

ಎದುರಾಳಿಯ ವೇಗವನ್ನು ಅನುಸರಿಸುವುದು: ಎದುರಾಳಿ ಥಟ್ಟನೆ ಉತ್ತರಿಸಿದಾಗ ತಾವೂ ಥಟ್ಟನೆ ಆಡಬೇಕೆಂಬ ಭಾವನೆ ಮೂಡುತ್ತದೆ. ಎದುರಾಳಿಗೆ ಸಮಯ ಕಡಿಮೆ ಇರುವಾಗ ಇದು ಇನ್ನಷ್ಟು ಅಪಾಯಕಾರಿ. ಹತ್ತು ನಿಮಿಷ ಉಳಿದವರು ಒಂದು ನಿಮಿಷ ಉಳಿದವರಂತೆ ಆಡಿದರೆ ತಮ್ಮ ಅನುಕೂಲವನ್ನು ತಾವೇ ಬಿಟ್ಟುಕೊಟ್ಟಂತಾಗುತ್ತದೆ.

ಯೋಚಿಸದ ನಡೆಗೆ ಜಿಗಿಯುವುದು: ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಅಲೆಕ್ಸಾಂಡರ್ ಕೊಟೊವ್ ಈ ದೋಷವನ್ನು ವಿವರಿಸಿದ್ದಾರೆ. ಆಟಗಾರರು ಎರಡು ನಡೆಗಳ ನಡುವೆ ಬಹಳ ಹೊತ್ತು ತೂಗಾಡುತ್ತಾರೆ. ಗಡಿಯಾರ ನೋಡಿ ಗಾಬರಿಗೊಂಡು, ಪರಿಶೀಲಿಸದೇ ಇದ್ದ ಮೂರನೆಯ ನಡೆಯೊಂದನ್ನು ಆಡಿಬಿಡುತ್ತಾರೆ. ವ್ಯಯವಾದ ಸಮಯದಿಂದ ಯಾವ ಪ್ರಯೋಜನವೂ ಆಗುವುದಿಲ್ಲ.

ಒಂದೇ ನಡೆಗೆ ಅತಿಯಾದ ಸಮಯ: ಎರಡು ನಡೆಗಳು ಹೆಚ್ಚುಕಡಿಮೆ ಸಮಾನವಾಗಿ ಉತ್ತಮವೆನಿಸಿದಾಗ ಅವುಗಳ ನಡುವಿನ ಆಯ್ಕೆಗೆ ಐದು ನಿಮಿಷ ಕೊಡುವುದು ವ್ಯರ್ಥ. ಅದೇ ಐದು ನಿಮಿಷ ಮುಂದೆ ಕಾಯಿ ಕಳೆದುಕೊಳ್ಳುವುದನ್ನು ತಪ್ಪಿಸಬಲ್ಲದು.

ಸಮಯದ ಹಂಚಿಕೆ

ಆಟ ಎಷ್ಟು ನಡೆಗಳವರೆಗೆ ಸಾಗುತ್ತದೆಂದು ಮೊದಲೇ ತಿಳಿಯದಿದ್ದರೂ 40 ನಡೆಗಳನ್ನು ಆಧಾರವಾಗಿಟ್ಟುಕೊಂಡು ಸರಾಸರಿಯನ್ನು ಲೆಕ್ಕ ಹಾಕಬಹುದು. ಈ ಲೆಕ್ಕದಲ್ಲಿ ಪ್ರತಿ ನಡೆಗೆ ದೊರೆಯುವ ಸಮಯ ಹೀಗಿದೆ:

- 10 ನಿಮಿಷ, ಇನ್‌ಕ್ರಿಮೆಂಟ್ ಇಲ್ಲ: 15 ಸೆಕೆಂಡ್
- 15+10: ಸುಮಾರು 32 ಸೆಕೆಂಡ್
- 30 ನಿಮಿಷ, ಇನ್‌ಕ್ರಿಮೆಂಟ್ ಇಲ್ಲ: 45 ಸೆಕೆಂಡ್
- 25+10: ಸುಮಾರು 47 ಸೆಕೆಂಡ್
- 90+30: 2 ನಿಮಿಷ 45 ಸೆಕೆಂಡ್

ಎಲ್ಲ ನಡೆಗಳಿಗೂ ಸಮಾನ ಸಮಯ ಕೊಡಬೇಕೆಂದು ಇದರ ಅರ್ಥವಲ್ಲ. ಪರಿಚಿತ ಆರಂಭಿಕ ನಡೆಗಳಿಗೂ ಬೇರೆ ದಾರಿಯೇ ಇಲ್ಲದ ಉತ್ತರಗಳಿಗೂ ಕೆಲವೇ ಸೆಕೆಂಡುಗಳು ಸಾಕು. ಅಲ್ಲಿ ಉಳಿಸಿದ್ದನ್ನು ಮಧ್ಯದಾಟದ ನಿರ್ಣಾಯಕ ಸ್ಥಿತಿಗಳಿಗೆ ಬಳಸಬಹುದು.

25+10 ಮಿತಿಯ ಆಟಕ್ಕೆ ಒಂದು ಮಾದರಿ ಹಂಚಿಕೆ ಹೀಗಿರಬಹುದು. ಮೊದಲ 10 ನಡೆಗಳಿಗೆ ಸರಾಸರಿ 30 ಸೆಕೆಂಡ್ ಬಳಸಿದರೆ, ಸೇರಿದ ಸೆಕೆಂಡುಗಳೂ ಸೇರಿ ಗಡಿಯಾರ 21 ನಿಮಿಷ 40 ಸೆಕೆಂಡ್ ತೋರಿಸುತ್ತದೆ. 11ರಿಂದ 30ನೆಯ ನಡೆಯವರೆಗೆ ಸರಾಸರಿ 55 ಸೆಕೆಂಡ್ ಬಳಸಿದರೆ 6 ನಿಮಿಷ 40 ಸೆಕೆಂಡ್ ಉಳಿಯುತ್ತದೆ. ಅಲ್ಲಿಂದ 60ನೆಯ ನಡೆಯವರೆಗೆ ಸರಾಸರಿ 20 ಸೆಕೆಂಡ್ ಬಳಸಿದರೂ 1 ನಿಮಿಷ 40 ಸೆಕೆಂಡ್ ಕೈಯಲ್ಲಿರುತ್ತದೆ.

ಇನ್‌ಕ್ರಿಮೆಂಟ್ ಇಲ್ಲದ 30 ನಿಮಿಷದ ಆಟದಲ್ಲಿ ಹೆಚ್ಚು ಎಚ್ಚರ ಬೇಕು. ಮೊದಲ 10 ನಡೆಗಳಿಗೆ ಸರಾಸರಿ 20 ಸೆಕೆಂಡ್, ನಂತರದ 20 ನಡೆಗಳಿಗೆ 50 ಸೆಕೆಂಡ್ ಬಳಸಿದರೆ 30ನೆಯ ನಡೆಯ ಹೊತ್ತಿಗೆ 10 ನಿಮಿಷ ಉಳಿಯುತ್ತದೆ. ಇಲ್ಲಿ ಖರ್ಚಾದ ಸಮಯ ಮರಳಿ ಬರುವುದಿಲ್ಲ. ಅಂತ್ಯದಾಟಕ್ಕೆ ಇರುವುದು ಅಷ್ಟೇ.

ಯಾವ ನಡೆಗೆ ನಿಂತು ಯೋಚಿಸಬೇಕೆಂಬುದನ್ನು ಸ್ಥಿತಿಯ ಲಕ್ಷಣಗಳಿಂದ ಗುರುತಿಸಬಹುದು. ಕಾಯಿಗಳು ಪರಸ್ಪರ ಹೊಡೆಯುವ ಸ್ಥಿತಿಯಲ್ಲಿರುವಾಗ, ರಾಜನ ಮೇಲೆ ದಾಳಿ ಸಾಧ್ಯವಿರುವಾಗ, ರಾಣಿಗಳ ವಿನಿಮಯಕ್ಕೆ ಅವಕಾಶ ಬಂದಾಗ, ಹಾಗೂ ಪದಾತಿಯ ನಡೆಯಂತೆ ಹಿಂದೆಗೆಯಲಾಗದ ನಿರ್ಧಾರ ಮಾಡುವಾಗ ಯೋಚನೆ ಅಗತ್ಯ. ಇಂತಹ ಸಂದರ್ಭದಲ್ಲಿಯೂ ಒಂದೇ ನಡೆಗೆ ಉಳಿದ ಸಮಯದ ಐದನೆಯ ಒಂದು ಭಾಗವನ್ನು ಮೀರದಿರುವುದು ಆರಂಭಿಕರಿಗೆ ಸುರಕ್ಷಿತ. ಪ್ರತಿ ನಡೆಗೂ ಮುನ್ನ ಎದುರಾಳಿಯ ಬಳಿ ಯಾವ ಚೆಕ್, ಯಾವ ಹೊಡೆತ, ಯಾವ ಬೆದರಿಕೆ ಇದೆಯೆಂದು ನೋಡಲು ಐದಾರು ಸೆಕೆಂಡುಗಳು ಸಾಕು. ಅವಸರದ ಆಟಗಾರರು ಸಾಮಾನ್ಯವಾಗಿ ಬಿಟ್ಟುಬಿಡುವುದು ಈ ಐದಾರು ಸೆಕೆಂಡುಗಳನ್ನೇ.

ಎದುರಾಳಿಯ ಗಡಿಯಾರ ನಡೆಯುತ್ತಿರುವ ಹೊತ್ತೂ ಬಳಕೆಗೆ ಬರುತ್ತದೆ. ವಿಶ್ವ ಚಾಂಪಿಯನ್ ಮಿಖಾಯಿಲ್ ಬೊಟ್ವಿನ್ನಿಕ್ ತಮ್ಮ ಸಮಯದಲ್ಲಿ ನಿರ್ದಿಷ್ಟ ನಡೆಗಳ ಲೆಕ್ಕಾಚಾರವನ್ನೂ ಎದುರಾಳಿಯ ಸಮಯದಲ್ಲಿ ಸ್ಥಿತಿಯ ಸಾಮಾನ್ಯ ಅವಲೋಕನವನ್ನೂ ಮಾಡುವ ಕ್ರಮವನ್ನು ಅನುಸರಿಸುತ್ತಿದ್ದರು. ಯಾವ ಕಾಯಿ ಕೆಲಸವಿಲ್ಲದೆ ನಿಂತಿದೆ, ಯಾವ ಪದಾತಿ ದುರ್ಬಲವಾಗಿದೆ ಎಂಬಂತಹ ಪ್ರಶ್ನೆಗಳಿಗೆ ಆ ಹೊತ್ತು ಸೂಕ್ತ.

ಸಮಯದ ಒತ್ತಡ

ಉಳಿದ ನಡೆಗಳಿಗೆ ಹೋಲಿಸಿದರೆ ಗಡಿಯಾರದಲ್ಲಿ ತೀರ ಕಡಿಮೆ ಸಮಯವಿರುವ ಸ್ಥಿತಿಯನ್ನು ಸಮಯದ ಒತ್ತಡ ಅಥವಾ ಟೈಮ್ ಟ್ರಬಲ್ ಎನ್ನುತ್ತಾರೆ. ಇದು ಆರಂಭಿಕರಿಗೆ ಸೀಮಿತವಾದುದಲ್ಲ. 2025ರ ಜೂನ್‌ನಲ್ಲಿ ನಾರ್ವೆ ಚೆಸ್ ಪಂದ್ಯಾವಳಿಯಲ್ಲಿ ಡಿ. ಗುಕೇಶ್ ವಿರುದ್ಧ ಬಹುಪಾಲು ಮೇಲುಗೈ ಹೊಂದಿದ್ದ ಮ್ಯಾಗ್ನಸ್ ಕಾರ್ಲ್‌ಸನ್, ಸಮಯ ಕಡಿಮೆಯಾಗಿದ್ದಾಗ ಕುದುರೆಯ ತಪ್ಪು ನಡೆಯೊಂದನ್ನು ಆಡಿ ಸೋತರು. ಇನ್ನೊಂದೆಡೆ ವೇಗದ ಆಟಕ್ಕೆ ಹೆಸರಾದ ವಿಶ್ವನಾಥನ್ ಆನಂದ್ 2017ರಲ್ಲಿಯೂ, ಕೊನೇರು ಹಂಪಿ ಮಹಿಳಾ ವಿಭಾಗದಲ್ಲಿ 2019 ಹಾಗೂ 2024ರಲ್ಲಿಯೂ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದರು.

ಸಮಯದ ಒತ್ತಡಕ್ಕೆ ಸಿಲುಕಿದಾಗ ಅನುಸರಿಸಬಹುದಾದ ಕ್ರಮಗಳು ಕೆಲವಿವೆ. ರಾಜನನ್ನು ಸುರಕ್ಷಿತವಾಗಿಟ್ಟು, ಕಾಯಿಗಳು ಒಂದನ್ನೊಂದು ಕಾಯುವಂತೆ ನಿಲ್ಲಿಸುವ ಸರಳ ನಡೆಗಳನ್ನು ಆಯ್ದುಕೊಳ್ಳಬಹುದು. ಬಲದಲ್ಲಿ ಮುಂದಿರುವವರು ಕಾಯಿಗಳನ್ನು ವಿನಿಮಯ ಮಾಡಿಕೊಂಡು ಲೆಕ್ಕಾಚಾರವನ್ನು ಕಡಿಮೆ ಮಾಡಿಕೊಳ್ಳಬಹುದು. ಇನ್‌ಕ್ರಿಮೆಂಟ್ ಇದ್ದಲ್ಲಿ, ಸೇರುವ ಸೆಕೆಂಡುಗಳಿಗಿಂತ ಕಡಿಮೆ ಸಮಯದಲ್ಲಿ ಕೆಲವು ನಡೆಗಳನ್ನು ಆಡಿ ಸಮಯವನ್ನು ಮತ್ತೆ ಕೂಡಿಸಿಕೊಳ್ಳಲು ಸಾಧ್ಯ. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮ ಅವಸರದಲ್ಲಿಯೂ ಅನ್ವಯಿಸುವುದರಿಂದ ನಿರ್ಧಾರಕ್ಕೆ ಮೊದಲು ಕೈ ಚಾಚಬಾರದು.

ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಜಿಲ್ಲೆ ರಚನೆಯಾಗುವ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು; ನ್ಯಾಮತಿ ಆನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಆ ಪದವಿ ಪಡೆದರು. ಈ ತಾಲ್ಲೂಕುಗಳ ನೆರೆಯ ಶಿವಮೊಗ್ಗ ಜಿಲ್ಲೆಯ ಜಿ.ಎ. ಸ್ಟ್ಯಾನಿ ಕೂಡ ಗ್ರ್ಯಾಂಡ್‌ಮಾಸ್ಟರ್ ಆಗಿದ್ದಾರೆ.

ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳಲ್ಲಿ ಚೆಸ್ ಕೂಡ ಒಂದು ಸ್ಪರ್ಧೆ. ತಾಲ್ಲೂಕು ಮಟ್ಟದಲ್ಲಿ ಆಯ್ಕೆಯಾದ ವಿದ್ಯಾರ್ಥಿಗಳು ಜಿಲ್ಲಾ ಮಟ್ಟಕ್ಕೆ ಹೋಗುತ್ತಾರೆ. ಮನೆಯಲ್ಲಿ ಅಥವಾ ಶಾಲೆಯಲ್ಲಿ ಹಲಗೆ ಮತ್ತು ಕಾಯಿಗಳಿಂದ ಮಾತ್ರ ಕಲಿತ ಮಕ್ಕಳು ಗಡಿಯಾರವನ್ನು ಮೊದಲ ಬಾರಿಗೆ ಕಾಣುವುದು ಇಂತಹ ಸ್ಪರ್ಧೆಯಲ್ಲಿಯೇ ಆಗಿರಬಹುದು. ಆಗ ಆಟದ ಸಾಮರ್ಥ್ಯಕ್ಕಿಂತ ಗಡಿಯಾರದ ಪರಿಚಯವೇ ಫಲಿತಾಂಶವನ್ನು ನಿರ್ಧರಿಸುವ ಸಂಭವವಿರುತ್ತದೆ.

ಗಡಿಯಾರಗಳ ಕೊರತೆಯಿರುವ ಸಣ್ಣ ಸ್ಪರ್ಧೆಗಳಲ್ಲಿ ಎಲ್ಲ ಆಟಗಳನ್ನೂ ಗಡಿಯಾರವಿಲ್ಲದೆ ಆರಂಭಿಸಿ, ನಿಗದಿತ ಅವಧಿ ಕಳೆದ ಮೇಲೂ ಮುಗಿಯದ ಆಟಗಳಿಗೆ ಮಾತ್ರ ಗಡಿಯಾರವಿಟ್ಟು ಇಬ್ಬರಿಗೂ ಕೆಲವು ನಿಮಿಷ ಕೊಡುವ ರೂಢಿ ಇದೆ. ಈ ಪದ್ಧತಿಯಲ್ಲಿ ಮೊದಲ ಭಾಗದ ಸಮಯ ಇಬ್ಬರಿಗೂ ಸೇರಿದ್ದು. ಎದುರಾಳಿ ನಿಧಾನವಾಗಿ ಆಡಿದರೆ ಇಬ್ಬರ ಸಮಯವೂ ಕರಗುತ್ತದೆ. ಗಡಿಯಾರ ಬಂದ ಕ್ಷಣದಿಂದ ಆಟ ಬ್ಲಿಟ್ಜ್‌ನಂತಾಗುತ್ತದೆ. ಆದ್ದರಿಂದ ಗಡಿಯಾರ ಯಾವಾಗ ಇಡಲಾಗುತ್ತದೆ, ಎಷ್ಟು ನಿಮಿಷ ದೊರೆಯುತ್ತದೆ ಎಂಬುದನ್ನು ಸುತ್ತು ಆರಂಭವಾಗುವ ಮುನ್ನವೇ ತೀರ್ಪುಗಾರರಿಂದ ತಿಳಿದುಕೊಂಡು, ಕ್ಲಿಷ್ಟ ನಿರ್ಧಾರಗಳನ್ನು ಅದಕ್ಕೂ ಮೊದಲೇ ಮುಗಿಸುವುದು ಅನುಕೂಲಕರ.

ಪ್ರಯಾಣವೂ ಸಮಯ ನಿರ್ವಹಣೆಯ ಭಾಗವೇ. ಫಿಡೆ ನಿಯಮದಂತೆ ಆಟದ ಗಡಿಯಾರವು ನಿಗದಿತ ವೇಳೆಗೆ ಆರಂಭವಾಗುತ್ತದೆ. ತಡವಾಗಿ ಬಂದವರ ಸಮಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಸ್ಪರ್ಧೆಯ ನಿಯಮದಲ್ಲಿ ಗೊತ್ತುಪಡಿಸಿದ ವಿಳಂಬ ಮಿತಿಯನ್ನು ಮೀರಿದವರು ಸಾಮಾನ್ಯವಾಗಿ ಆಡದೆಯೇ ಸೋಲುತ್ತಾರೆ. ಈ ತಾಲ್ಲೂಕುಗಳ ಹಳ್ಳಿಗಳಿಂದ ದಾವಣಗೆರೆ ಅಥವಾ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವವರು ಮೊದಲ ಸುತ್ತಿನ ವೇಳೆಯನ್ನೂ ವಿಳಂಬ ಮಿತಿಯನ್ನೂ ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಅಗತ್ಯ.

ಅಭ್ಯಾಸ ಕ್ರಮಗಳು

ಚದುರಂಗದ ಗಡಿಯಾರ ಇಲ್ಲದಿದ್ದರೂ ಅಭ್ಯಾಸ ಸಾಧ್ಯ. ಮೊಬೈಲಿನಲ್ಲಿ ಉಚಿತವಾಗಿ ದೊರೆಯುವ ಚೆಸ್ ಗಡಿಯಾರದ ಆ್ಯಪ್ ಒಂದನ್ನು ಹಲಗೆಯ ಪಕ್ಕದಲ್ಲಿಟ್ಟುಕೊಂಡು ಇಬ್ಬರು ಆಡಬಹುದು. ನಡೆಸಿದ ಕೈಯಿಂದಲೇ ಒತ್ತುವ ಅಭ್ಯಾಸ ಇದರಿಂದ ಬರುತ್ತದೆ. ಸ್ಪರ್ಧೆಯಲ್ಲಿ ಇರುವ ಸಮಯ ಮಿತಿಯಲ್ಲಿಯೇ ಅಭ್ಯಾಸ ಮಾಡುವುದು ಹೆಚ್ಚು ಉಪಯುಕ್ತ.

ನಡೆಗಳನ್ನು ಬರೆದುಕೊಳ್ಳುವ ಆಟಗಳಲ್ಲಿ ಪ್ರತಿ ಐದು ನಡೆಗಳಿಗೊಮ್ಮೆ ಗಡಿಯಾರದ ಸಮಯವನ್ನೂ ಅಂಕಪಟ್ಟಿಯಲ್ಲಿ ದಾಖಲಿಸಬಹುದು. ಇದಕ್ಕೆ ನಿಯಮದಲ್ಲಿ ಅವಕಾಶವಿದೆ. ಆದರೆ ನಡೆಯನ್ನು ಆಡುವ ಮೊದಲೇ ಬರೆಯುವಂತಿಲ್ಲ. ಆಟ ಮುಗಿದ ಮೇಲೆ ಈ ಪಟ್ಟಿಯನ್ನು ನೋಡಿದರೆ ಸಮಯ ಎಲ್ಲಿ ವ್ಯರ್ಥವಾಯಿತು, ದೊಡ್ಡ ತಪ್ಪು ಎಷ್ಟು ಸೆಕೆಂಡುಗಳಲ್ಲಿ ಆಯಿತು ಎಂಬುದು ತಿಳಿಯುತ್ತದೆ. ಐದು ಸೆಕೆಂಡಿನಲ್ಲಿ ಆದ ತಪ್ಪಿಗೆ ನಿಧಾನವೂ, ಕೊನೆಯ ನಿಮಿಷದಲ್ಲಿ ಆದ ತಪ್ಪಿಗೆ ಅದಕ್ಕೆ ಮೊದಲಿನ ನಡೆಗಳಲ್ಲಿ ಉಳಿತಾಯವೂ ಪರಿಹಾರ.

ರಾಜ ಮತ್ತು ರಾಣಿಯಿಂದ, ರಾಜ ಮತ್ತು ಆನೆಯಿಂದ ಒಂಟಿ ರಾಜನಿಗೆ ಚೆಕ್‌ಮೇಟ್ ಮಾಡುವ ಕ್ರಮವನ್ನು ಒಂದು ನಿಮಿಷದೊಳಗೆ ಪೂರೈಸುವಂತೆ ರೂಢಿಸಿಕೊಳ್ಳುವುದು ಇನ್ನೊಂದು ಅಭ್ಯಾಸ. ಯೋಚಿಸದೆ ಮಾಡಬಲ್ಲ ಕೆಲಸಗಳು ಹೆಚ್ಚಿದಷ್ಟೂ ಯೋಚಿಸಲೇಬೇಕಾದ ನಡೆಗಳಿಗೆ ಸಮಯ ಉಳಿಯುತ್ತದೆ.